ದ್ವೀಪಕ್ಕೆ ಸರ್ಕಾರದ ದುಡ್ಡು: ಮೊದಲ ನಲ್ಲಿ ಯಾರ ಮನೆಗೆ?

ಮಾನ್ಯ ಸಂಪಾದಕರೇ,

2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಒಂದು ಭರವಸೆ ಕೊಟ್ಟಿದ್ದರು. ಲಕ್ಷದ್ವೀಪವೂ ಸೇರಿ ನಮ್ಮ ದ್ವೀಪಗಳಲ್ಲಿ ಬಂದರು ಸಂಪರ್ಕ, ಪ್ರವಾಸೋದ್ಯಮಕ್ಕೆ ಬೇಕಾದ ಮೂಲಸೌಕರ್ಯ, ಇತರ ಸೌಲಭ್ಯಗಳ ಕೆಲಸ ಕೈಗೆತ್ತಿಕೊಳ್ಳುತ್ತೇವೆ ಎಂದಿದ್ದರು. ದ್ವೀಪಗಳಿಗೆ ಈ ದುಡ್ಡು ಹೋಗಬೇಕು, ಬೇಗ ಹೋಗಬೇಕು. ಆದರೆ ಅದರಲ್ಲಿ ಮೊದಲು ಆಗಬೇಕಾದದ್ದು ಯಾವುದು ಎಂಬ ಬಗ್ಗೆ ನನಗೆ ಸ್ವಲ್ಪ ಹೇಳಲಿಕ್ಕಿದೆ.

ಕಾಸರಗೋಡಿನವರಿಗೆ ಲಕ್ಷದ್ವೀಪದ ವಿಷಯ ಯಾಕೆ ಎಂದು ಕೆಲವರು ಕೇಳಬಹುದು. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಮ್ಮ ಕಾಸರಗೋಡು ತಾಲೂಕೂ ಅದೇ ಜಿಲ್ಲೆಯಲ್ಲಿತ್ತು. ಅವರ ಹುರಿಹಗ್ಗ ಮಂಗಳೂರಿಗೆ ಬರುತ್ತಿತ್ತು, ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ನಾವು ಕೇರಳಕ್ಕೆ ಬಂದೆವು, ಅವರು ಕೇಂದ್ರಾಡಳಿತಕ್ಕೆ ಹೋದರು. ಈಗಲೂ ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ಸಾಮಾನು ಹೋಗುತ್ತದೆ. 2024ರ ಮೇ ತಿಂಗಳಲ್ಲಿ 'ಪರಳಿ' ಹಡಗು ಪ್ರಯಾಣಿಕರನ್ನು ಮಂಗಳೂರಿಗೆ ಕರೆತಂದಾಗ ಅಲ್ಲಿಯವರಿಗೆ ಎಷ್ಟು ಸಂತೋಷವಾಯಿತೋ ನಮಗೂ ಅಷ್ಟೇ ಆಯಿತು. ಹೀಗಾಗಿ ಅವರ ಕಷ್ಟ ನಮಗೆ ಹೊರಗಿನದ್ದಲ್ಲ.

ಈಗ ಕಡಮತ್ ದ್ವೀಪವನ್ನೇ ನೋಡಿ. ವಿಸ್ತಾರ ಮೂರು ಚದರ ಕಿಲೋಮೀಟರ್‌ಗಿಂತ ಚೂರು ಜಾಸ್ತಿ, ಅಷ್ಟೇ. 2011ರ ಜನಗಣತಿಯಂತೆ ಅಲ್ಲಿರುವವರು ಐದು ಸಾವಿರ ಚಿಲ್ಲರೆ ಜನ. ಇಷ್ಟು ಜಾಗದಲ್ಲಿ ಮತ್ತು ಜನವಸತಿಯಿಲ್ಲದ ಸುಹೇಲಿಯಲ್ಲಿ ತಲಾ 110 ಕೋಣೆಗಳ ಎರಡು ರೆಸಾರ್ಟ್ ಕಟ್ಟುವುದಾಗಿ 2023ರ ಜನವರಿಯಲ್ಲಿ ಟಾಟಾ ಸಮೂಹದ ಹೋಟೆಲ್ ಕಂಪೆನಿ ಪ್ರಕಟಿಸಿತು. ಕೋಣೆಗಳಲ್ಲಿ ಕೆಲವು ದಡದಲ್ಲಿ, ಕೆಲವು ನೀರಿನ ಮೇಲೆಯೇ. ಕೆಲಸ ಸಿಗುತ್ತದೆ, ವ್ಯಾಪಾರ ಬೆಳೆಯುತ್ತದೆ, ಒಪ್ಪುತ್ತೇನೆ. ಮೀನು ಮತ್ತು ತೆಂಗನ್ನೇ ನಂಬಿರುವ ಊರಿಗೆ ಇನ್ನೊಂದು ದಾರಿ ಬೇಡ ಎನ್ನಲು ನಾವು ಯಾರು?

ಆದರೆ ನೀರು? ಅಲ್ಲಿ ಹೊಳೆ ಇಲ್ಲ, ತೋಡು ಇಲ್ಲ. ಮಳೆನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಬಾವಿಗಳಲ್ಲಿ ಸಿಗುವುದು ಅದೇ. ಪಂಪ್ ಇಟ್ಟು ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಕಕ್ಕಸು ಗುಂಡಿಯ ನೀರು ಸೋರಿದರೆ ಸೇರುವುದೂ ಇದೇ ಪದರಕ್ಕೆ. ನಲ್ಲಿಯಲ್ಲಿ ಉಪ್ಪುನೀರು ಬಂದರೆ ಏನು ಪಾಡು ಎಂದು ಕಾಸರಗೋಡು ಪೇಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾವಿಕ್ಕರೆಯಲ್ಲಿ ಅಣೆಕಟ್ಟು ಆಗುವ ತನಕ ವರ್ಷಗಟ್ಟಲೆ ಬೇಸಿಗೆಯಲ್ಲಿ ಪಯಸ್ವಿನಿ ಹೊಳೆಗೆ ಕಡಲ ನೀರು ನುಗ್ಗುತ್ತಿತ್ತು, ಅದನ್ನೇ ಕುಡಿಯಬೇಕಿತ್ತು. ನಮಗಾದರೆ ಟ್ಯಾಂಕರ್ ತರಿಸಲಿಕ್ಕೆ ರಸ್ತೆಯಾದರೂ ಇತ್ತು.

ಸರ್ಕಾರ ಅಲ್ಲಿ ಒಳ್ಳೆಯ ಕೆಲಸವನ್ನೂ ಮಾಡಿದೆ. ಕಡಲ ಮೇಲ್ಭಾಗದ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಂಪಾಗಿಸಿ ಸಿಹಿನೀರು ಮಾಡುವ ಸ್ಥಾವರ 2005ರಲ್ಲೇ ಕವರತ್ತಿಯಲ್ಲಿ ಶುರುವಾಯಿತು. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಈ ಕೆಲಸಕ್ಕೆ ನಾವು ಹೆಮ್ಮೆಪಡಬೇಕು. ಕಡಮತ್‌ನ ಸ್ಥಾವರವನ್ನು ಪ್ರಧಾನಿ 2024ರ ಜನವರಿಯಲ್ಲಿ ಉದ್ಘಾಟಿಸಿದರು. ದಿನಕ್ಕೆ 1.5 ಲಕ್ಷ ಲೀಟರ್. ಊರಿನ ಜನಸಂಖ್ಯೆಗೆ ಭಾಗಿಸಿದರೆ ತಲೆಗೆ ಸುಮಾರು 28 ಲೀಟರ್ ಬೀಳುತ್ತದೆ. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು. ಊರವರಿಗೇ ಅರ್ಧ ಪಾಲು ಇರುವಾಗ 110 ಕೋಣೆಗಳ ಸ್ನಾನಕ್ಕೆ, ಬಟ್ಟೆ ಒಗೆಯಲಿಕ್ಕೆ, ಅಡುಗೆಮನೆಗೆ ನೀರು ಎಲ್ಲಿಂದ? ರೆಸಾರ್ಟ್‌ನವರು ತಮ್ಮದೇ ಸ್ಥಾವರ ಹಾಕಿಕೊಳ್ಳುವುದಾದರೆ ಬಹಳ ಒಳ್ಳೆಯದು. ಹಾಗಿದ್ದರೆ ಅದು ಕರಾರಿನಲ್ಲಿ ಬರೆದಿರಬೇಕು, ಊರವರಿಗೆ ಓದಲಿಕ್ಕೂ ಸಿಗಬೇಕು.

ಹವಳದ ವಿಷಯವೂ ಹಾಗೆಯೇ. 2024ರ ಬೇಸಿಗೆಯಲ್ಲಿ ಕಡಲು ಬಿಸಿಯಾಗಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡಿದ್ದನ್ನು ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೇ ಹೇಳಿದ್ದಾರೆ. ಅಲೆಗಳ ಹೊಡೆತವನ್ನು ತಡೆದು ದ್ವೀಪವನ್ನು ಉಳಿಸುವುದು ಆ ಹವಳದ ದಿಬ್ಬಗಳೇ. ಕೊಳಚೆ ನೀರು ಸೇರಿದರೆ ಅವು ಇನ್ನಷ್ಟು ಸೊರಗುತ್ತವೆ.

ನಮ್ಮದೇ ಜಿಲ್ಲೆಯ ಬೇಕಲದಿಂದಲೂ ನಾವು ಕಲಿಯುವುದಿದೆ. 1992ರಲ್ಲಿ ಅದು ವಿಶೇಷ ಪ್ರವಾಸಿ ತಾಣವಾಯಿತು. 1995ರಲ್ಲಿ ಅಭಿವೃದ್ಧಿ ನಿಗಮ ಬಂತು. ಸರ್ಕಾರವೇ ಜಾಗ ಮಾಡಿತು, ರಸ್ತೆ ಮಾಡಿತು, ನೀರಿನ ವ್ಯವಸ್ಥೆ ಮಾಡಿತು, ಆಮೇಲೆ ಹೋಟೆಲ್‌ನವರಿಗೆ ಲೀಸ್‌ಗೆ ಕೊಟ್ಟಿತು. ಮೊದಲ ದೊಡ್ಡ ಹೋಟೆಲ್ ಬಾಗಿಲು ತೆರೆಯಲು ಹದಿನೈದು ವರ್ಷದ ಹತ್ತಿರ ಬೇಕಾಯಿತು. ಕೆಲವು ಜಾಗಗಳಲ್ಲಿ ಕೆಲಸ ಅರ್ಧಕ್ಕೆ ನಿಂತು ಗೋಡೆಗಳಿಗೆ ಪಾಚಿ ಹಿಡಿಯಿತು. ಆದರೆ ಅಲ್ಲಿ ಹಾಕಿದ ರಸ್ತೆಯಲ್ಲಿ ಊರವರೂ ಓಡಾಡುತ್ತಾರೆ. ಹೋಟೆಲ್ ಬಂದರೂ ಬಾರದಿದ್ದರೂ ಆ ಖರ್ಚು ವ್ಯರ್ಥವಲ್ಲ. ನಾನು ಹೇಳುವುದೂ ಇದನ್ನೇ: ಸರ್ಕಾರದ ದುಡ್ಡು ಎಲ್ಲರೂ ಬಳಸುವಂಥದ್ದಕ್ಕೆ ಹೋಗಬೇಕು. ರೆಸಾರ್ಟ್‌ನ ಗೇಟಿನ ಒಳಗಿನ ಖರ್ಚನ್ನು ರೆಸಾರ್ಟ್ ನೋಡಿಕೊಳ್ಳಲಿ.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಗ್ರೇಟ್ ಕೆಪ್ಪೆಲ್ ಎಂಬ ದ್ವೀಪದ ಹೆಸರಾಂತ ರೆಸಾರ್ಟ್ 2008ರಲ್ಲಿ ಮುಚ್ಚಿತು. ಅದನ್ನು ಮತ್ತೆ ಕಟ್ಟಲು ಅನುಕೂಲವಾಗಲಿ ಎಂದು ಅಲ್ಲಿನ ಸರ್ಕಾರ ಕರೆಂಟು, ನೀರಿನಂಥ ಸಾಮಾನ್ಯ ಬಳಕೆಯ ಸೌಕರ್ಯಕ್ಕೆ 3 ಕೋಟಿ ಡಾಲರ್ ತೆಗೆದಿಟ್ಟಿತು. ಕೊಳ್ಳುವವರು ಬಂದರು, ಹೋದರು, ರೆಸಾರ್ಟ್ ಏಳಲಿಲ್ಲ. ಕೊನೆಗೆ 2023ರಲ್ಲಿ ಸರ್ಕಾರ ಲೀಸನ್ನೇ ರದ್ದು ಮಾಡಿತು. ನಮ್ಮ ಲಕ್ಷದ್ವೀಪದ ಬಂಗಾರಂ ದ್ವೀಪದಲ್ಲೂ ಒಂದು ಖಾಸಗಿ ರೆಸಾರ್ಟ್ ಇತ್ತು. ಲೀಸ್ ಮುಗಿದ ಮೇಲೆ ತಕರಾರು ಕೋರ್ಟಿಗೆ ಹೋಯಿತು, ರೆಸಾರ್ಟ್ ಮುಚ್ಚಿತು. ಕಂಪೆನಿ ಎಷ್ಟೇ ದೊಡ್ಡದಿರಲಿ, ಲಾಭ ಕಾಣದಿದ್ದರೆ ಹೊರಡುತ್ತದೆ. ದ್ವೀಪದ ಜನ ಎಲ್ಲಿಗೆ ಹೊರಡುತ್ತಾರೆ?

ಅವರು ಕೇಳುವುದು ದೊಡ್ಡದೇನಲ್ಲ. ಹಲವು ದ್ವೀಪಗಳಲ್ಲಿ ಹಡಗು ಲಗೂನಿನ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನ) ಹೊರಗೆ ನಿಲ್ಲುತ್ತದೆ, ಜನ ಸಣ್ಣ ದೋಣಿಗೆ ದಾಟಿಕೊಳ್ಳಬೇಕು. ಮಳೆಗಾಲದಲ್ಲಿ ಮುದುಕರನ್ನೂ ಬಸುರಿಯರನ್ನೂ ಹಾಗೆ ಇಳಿಸುವುದೆಂದರೆ ಸುಮ್ನೆ ಮಾತಲ್ಲ. ಕಷ್ಟದ ಕಾಯಿಲೆಯವರಿಗೆ ಹೆಲಿಕಾಪ್ಟರ್ ಸಿಗಬೇಕು, ಇಲ್ಲವಾದರೆ ಹಡಗಿಗೆ ಕಾಯಬೇಕು. 2020ರಲ್ಲಿ ಕೊರೊನಾ ಕಾಲಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಜಿಲ್ಲೆಯ ಜನ ಸತ್ತದ್ದನ್ನು ಕಂಡ ನಮಗೆ ಅದು ಅರ್ಥವಾಗುತ್ತದೆ, ಅಲ್ವಾ? ಒಳ್ಳೆಯ ಜೆಟ್ಟಿ ಆದರೆ ಪ್ರವಾಸಿಗೂ ಅನುಕೂಲ, ರೋಗಿಗೂ ಅನುಕೂಲ. ಮೊದಲ ರೂಪಾಯಿ ಅದಕ್ಕೇ ಹೋಗಲಿ. ಆಮೇಲೆ ನೀರಿಗೆ, ಕೊಳಚೆ ಶುದ್ಧೀಕರಣಕ್ಕೆ, ಕಸವನ್ನು ವಾಪಸ್ ಮುಖ್ಯಭೂಮಿಗೆ ತರುವ ವ್ಯವಸ್ಥೆಗೆ.

2017ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಅಲ್ಲಿನ ಪಂಚಾಯತಿಗಳ ಅವಧಿ ಎಂದೋ ಮುಗಿದಿದೆ. ಇಂಥ ದೊಡ್ಡ ತೀರ್ಮಾನಗಳು ಚುನಾಯಿತ ಪಂಚಾಯತಿಯ ಮುಂದೆ ಬರಬೇಕು. ಲೀಸಿನ ಕರಾರು ಮಲಯಾಳದಲ್ಲಿ, ಮಿನಿಕಾಯ್ ದ್ವೀಪದವರಿಗೆ ಅವರ ಮಹಲ್ ಭಾಷೆಯಲ್ಲಿ ಪ್ರಕಟವಾಗಬೇಕು. ಊರಿನ ನೀರಿನ ಪಾಲು ಎಷ್ಟು, ಊರವರಿಗೆ ಕೆಲಸ ಎಷ್ಟು, ಕಂಪೆನಿ ಬಿಟ್ಟುಹೋದರೆ ಕಟ್ಟಡ ತೆಗೆಸುವ ಖರ್ಚು ಯಾರದ್ದು ಎಂದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಸಂಸದರು ಲಕ್ಷದ್ವೀಪದ ಒಬ್ಬರೇ ಸಂಸದರ ಜೊತೆ ನಿಂತು ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಬೇಕೆಂದು ನನ್ನ ವಿನಂತಿ.

– ಕುಂಬಳೆಯ ಓದುಗ