ಬೀಗದ ಕೈ ಕೊಟ್ಟ ಮೇಲೂ ಕೆಲಸವಿದೆ

ಮಾನ್ಯರೇ,

ಬೀದಿಯಲ್ಲಿ ಮಲಗುವವರಿಗೆ ತಂಗುದಾಣ ಕಟ್ಟಿಸಿದರೆ ಸಾಕು ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ತಂಗುದಾಣ ಜೀವ ಉಳಿಸುತ್ತದೆ, ಅದು ಬೇಕೇ ಬೇಕು. ಆದರೆ ಬೆಳಗಾದರೆ ಗಂಟುಮೂಟೆ ಕಟ್ಟಿ ಹೊರಬೀಳಬೇಕಾದ ಜಾಗ ಮನೆಯಾಗದು.

ಹಳೆಯ ಪದ್ಧತಿಯಲ್ಲಿ ಮನೆ ಕೊನೆಯ ಮೆಟ್ಟಿಲು. ಕುಡಿತ ಬಿಟ್ಟರೆ ತಾತ್ಕಾಲಿಕ ವಸತಿ, ಚಿಕಿತ್ಸೆ ಮುಗಿಸಿದರೆ ಮನೆ. ನಡುವೆ ಎಡವಿದರೆ ಮತ್ತೆ ಬೀದಿ. ಮಾತ್ರೆ ಇಟ್ಟುಕೊಳ್ಳಲೂ ಜಾಗವಿಲ್ಲದವರಿಂದ ಚಿಕಿತ್ಸೆ ಪೂರೈಸುವುದು ಹೇಗೆ ಸಾಧ್ಯ? 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಈ ಕ್ರಮವನ್ನು ತಿರುಗಿಸಿ, ಷರತ್ತಿಲ್ಲದೆ ಮೊದಲು ಮನೆ ಕೊಡಿಸಿದರು. ಫಿನ್ಲೆಂಡ್ 2008ರಿಂದ ಇದೇ ದಾರಿ ಹಿಡಿದು, ತಂಗುದಾಣಗಳನ್ನೇ ಬಾಡಿಗೆ ಮನೆಗಳಾಗಿ ಬದಲಿಸಿತು. ಕೆನಡಾದ ಐದು ನಗರಗಳ ಪ್ರಯೋಗದಲ್ಲಿ ಹೀಗೆ ಮನೆ ಪಡೆದವರ ಪೈಕಿ ಶೇ 62ರಷ್ಟು ಮಂದಿ ಕೊನೆಯ ಆರು ತಿಂಗಳು ಪೂರ್ತಿ ಮನೆಯಲ್ಲೇ ಇದ್ದರು. ಮಾಮೂಲಿ ಸೇವೆ ಪಡೆದವರಲ್ಲಿ ಶೇ 31.

ಎಲ್ಲರಿಗೂ ಒಂದೇ ಬಗೆಯ ಮನೆ ಒಗ್ಗುವುದಿಲ್ಲ. ಸಾಮಾನ್ಯ ಬಡಾವಣೆಯ ಬಿಡಿ ಮನೆಯನ್ನೇ ಹೆಚ್ಚಿನವರು ಬಯಸುತ್ತಾರೆ. ರಾತ್ರಿ ಹೊತ್ತೂ ನೆರವು ಬೇಕಾದವರಿಗೆ ಸಿಬ್ಬಂದಿ ಇರುವ ಕಟ್ಟಡ ಮೇಲು. ಹಂಚಿಕೊಳ್ಳುವ ಮನೆ ಅಗ್ಗವೇನೋ ಹೌದು, ಆದರೆ ಜೊತೆಗಾರರನ್ನು ಅವರೇ ಆರಿಸಿಕೊಳ್ಳದಿದ್ದರೆ ಅಡುಗೆಮನೆಯಲ್ಲೇ ಜಗಳ ಶುರು.

ಮನೆ ಕೈತಪ್ಪುವುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ಬಾಗಿಲು. ಬೀದಿಯಲ್ಲಿ ಕಷ್ಟಕ್ಕಾದ ಗೆಳೆಯರು ಬಂದಾಗ ‘ಬೇಡ’ ಎನ್ನಲು ಬಾಯಿ ಬರುವುದಿಲ್ಲ. ಒಬ್ಬರ ಮನೆಯಲ್ಲಿ ನಾಲ್ವರು ಸೇರುತ್ತಾರೆ, ನೆರೆಯವರು ದೂರುತ್ತಾರೆ, ಮಾಲೀಕರು ಬಿಡಿಸುತ್ತಾರೆ. ಯಾರನ್ನು ಎಷ್ಟು ದಿನ ಇರಿಸಿಕೊಳ್ಳಬಹುದು ಎಂಬುದನ್ನು ಮನೆ ಸೇರುವ ಮೊದಲೇ ಕೂತು ಮಾತಾಡಬೇಕು. ಇನ್ನೊಂದು ಕಾರಣ ಒಂಟಿತನ. ಬರಿಯ ನಾಲ್ಕು ಗೋಡೆಯ ನಡುವೆ ನಿದ್ದೆ ಹತ್ತದೆ ಹಳೆಯ ಜಾಗಕ್ಕೇ ಮರಳಿ ಮಲಗುವವರಿದ್ದಾರೆ. ಅದನ್ನು ಮನೆ ಬೇಡವೆಂದರು ಎಂದು ಬರೆದು ಕಡತ ಮುಚ್ಚಬಾರದು. ಮೊದಲ ರಾತ್ರಿಗೇ ಹಾಸಿಗೆ, ಒಲೆ, ಪಾತ್ರೆ, ದೀಪ ಸಿದ್ಧವಿರಲಿ. ಮೊದಲ ತಿಂಗಳುಗಳಲ್ಲಿ ವಾರಕ್ಕೆ ಒಮ್ಮೆಯಾದರೂ ಕಾರ್ಯಕರ್ತರು ಮನೆಗೇ ಹೋಗಬೇಕು. ತೀವ್ರ ಮಾನಸಿಕ ಕಾಯಿಲೆ ಇರುವವರಿಗಾದರೆ ಸುಮಾರು ಹತ್ತು ಜನರಿಗೆ ಒಬ್ಬ ಕಾರ್ಯಕರ್ತರು ಬೇಕು.

ಬಾಡಿಗೆ ಕರಾರು ಸಂಸ್ಥೆಯ ಹೆಸರಿನಲ್ಲಲ್ಲ, ವಾಸಿಸುವವರ ಹೆಸರಿನಲ್ಲೇ ಇರಲಿ. ಅವರು ಕೊಡುವ ಬಾಡಿಗೆ ಆದಾಯದ ಶೇ 30 ಮೀರದಿರಲಿ. ಅವರು ಒಪ್ಪಿದರೆ ಹಣ ನೇರ ಮಾಲೀಕರಿಗೆ ಹೋಗಲಿ. ಮೊದಲ ಕಂತು ತಪ್ಪಿದ ವಾರವೇ ಯಾರಾದರೂ ವಿಚಾರಿಸಬೇಕು, ಮೂರು ತಿಂಗಳ ಬಾಕಿಯನ್ನು ತೀರಿಸಲು ಅವರ ಕೈಯಲ್ಲಾಗದು. ಇಷ್ಟಾಗಿಯೂ ಮನೆ ಕೈತಪ್ಪಿದರೆ ಎರಡನೆಯ ಮನೆ ಕೊಡಿಸುವ ಹಣವನ್ನು ಯೋಜನೆಯ ಲೆಕ್ಕದಲ್ಲಿ ಮೊದಲೇ ತೆಗೆದಿಡಬೇಕು.

– ವಸತಿಹೀನರ ಪುನರ್ವಸತಿ ಕಾರ್ಯಕರ್ತರು