ಮಲ್ಲೇಶ್ವರದ ಹಳೆಯ ಮನೆಯೋ, ಯಲಹಂಕದ ರೋ ಹೌಸೋ: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮಲ್ಲೇಶ್ವರದ ಹಳೆಯ ಮನೆ ಕೊಳ್ಳುವುದೋ, ಯಲಹಂಕದ ಕಡೆಯ ಹೊಸ ರೋ ಹೌಸ್ (ಗೋಡೆಗೆ ಗೋಡೆ ಸೇರಿದ ಸಾಲುಮನೆ) ಕೊಳ್ಳುವುದೋ ಎಂದು ನೀವಿಬ್ಬರೂ ಇನ್ನೂ ತೀರ್ಮಾನಿಸಿಲ್ಲವೆಂದು ನಿನ್ನ ತಾಯಿ ಹೇಳಿದಳು. ಎರಡನ್ನೂ ನಿಮ್ಮೊಡನೆ ಬಂದು ನೋಡಿದ್ದೇನೆ. ಕೆಲಸದ ಕಾಲವನ್ನೆಲ್ಲ ಕಟ್ಟಡಗಳ ನಡುವೆಯೇ ಕಳೆದವನಾದ್ದರಿಂದ, ನನಗೆ ಕಂಡದ್ದನ್ನು ಬರೆದೇ ತಿಳಿಸುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅರ್ಧಕ್ಕೇ ತಡೆಯುತ್ತೀಯ.

ಬೆಂಗಳೂರು ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದು ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು 1898ರ ಪ್ಲೇಗಿನ ಅನಂತರ. ಆ ಮನೆಯ ಹಿಂದಿರುವ ಸಣ್ಣ ಓಣಿಯನ್ನು ನೋಡಿ ಅಳಿಯಂದಿರು ಮುಖ ಸಿಂಡರಿಸಿದರಲ್ಲ, ಅದು ಆ ಕಾಲದ ಕನ್ಸರ್ವೆನ್ಸಿ ಲೇನ್, ಎಂದರೆ ಮನೆಗಳ ಹಿಂದಿನಿಂದ ಮಲ, ಕಸ ಸಾಗಿಸಲು ಬಿಟ್ಟ ದಾರಿ; ಅದಿರುವುದರಿಂದಲೇ ಇಂದಿಗೂ ಹಿತ್ತಲಿನಿಂದ ಗಾಳಿ ಬರುತ್ತಿದೆ. ರೆಡ್ ಆಕ್ಸೈಡ್ ನೆಲವೂ ಚೆನ್ನಾಗಿದೆ. ಆದರೆ ನೀನು ನೋಡಬೇಕಾದದ್ದು ನೆಲವನ್ನಲ್ಲ, ಸೂರನ್ನು. ಮರದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ ಅದು. ಅಂಥ ತೊಲೆ ನಡುವೆ ಎಷ್ಟೇ ಗಟ್ಟಿಯಾಗಿದ್ದರೂ, ಗೋಡೆಯೊಳಗೆ ಸೇರುವ ತುದಿಯಲ್ಲಿ ತೇವ ಹಿಡಿದು ಲಡ್ಡಾಗುತ್ತದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಾನು ಸ್ಕ್ರೂಡ್ರೈವರಿನ ತುದಿ ಒತ್ತಿದಾಗ ಮರ ಹುಡಿಹುಡಿಯಾಗಿ ಉದುರಿದ್ದನ್ನು ನೀನೂ ಕಂಡೆ. "ಹಳೇ ತೇಗ ಸಾರ್, ಏನೂ ಆಗಲ್ಲ" ಎಂದು ದಲ್ಲಾಳಿ ಆಗಲೂ ಹೇಳುತ್ತಲೇ ಇದ್ದ. ಇದಲ್ಲದೆ ಸುಣ್ಣದ ಗೋಡೆಗೆ ಯಾರೋ ಸಿಮೆಂಟ್ ಪ್ಲಾಸ್ಟರ್ ಬಳಿಸಿರುವುದರಿಂದ ಒಳಗಿನ ತೇವ ಹೊರಹೋಗಲಾರದೆ ಬಣ್ಣ ಹೊಪ್ಪಳಿಕೆ ಏಳುತ್ತಿದೆ. ವೈರಿಂಗಿಗೆ ಅರ್ಥಿಂಗ್ ಇಲ್ಲ, ಕಬ್ಬಿಣದ ಪೈಪುಗಳನ್ನೂ ಬದಲಿಸಬೇಕು.

ಇವೆಲ್ಲವೂ ದುಡ್ಡು ಸುರಿದರೆ ಸರಿಹೋಗುವಂಥವು. ದುಡ್ಡಿಗೂ ಬಗ್ಗದಿರುವುದು ಕಾಗದಪತ್ರ. ಅದು ತಾತನ ಕಾಲದ ಆಸ್ತಿ. ಮೂವರು ಅಣ್ಣತಮ್ಮಂದಿರೂ ಒಪ್ಪಿದ್ದಾರೆಂದು ಹೇಳುವಾಗ ಅಕ್ಕತಂಗಿಯರ ಮಾತನ್ನೇ ಮಾರುವವರು ಎತ್ತಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲೆಂದು ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, ಇಡೀ ದೇಶಕ್ಕೆ ಅನ್ವಯಿಸುವಂತೆ 2005ರಲ್ಲಿ ಕಾನೂನಾಯಿತು. 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಿಂದೆಯೇ ನೋಂದಾಯಿತ ವಿಭಾಗಪತ್ರ ಆಗಿದ್ದರೆ ಮಾತು ಬೇರೆ. ಇಲ್ಲವಾದರೆ ಆ ಹೆಣ್ಣುಮಕ್ಕಳ ರುಜುವಿಲ್ಲದ ಕ್ರಯಪತ್ರವನ್ನು ನಂಬಿ ನೀನು ಮನೆ ರಿಪೇರಿ ಮಾಡಿಸುವ ಹೊತ್ತಿಗೆ ವಿಭಾಗದ ದಾವೆಯ ನೋಟಿಸು ಬಾಗಿಲಿಗೆ ಬರಬಹುದು. ನೀನೂ ಒಬ್ಬ ಮಗಳೇ ಆಗಿರುವಾಗ, ಅವರ ಪಾಲನ್ನು ಬಿಟ್ಟು ಕೊಳ್ಳುವುದು ನಿನಗೆ ಒಪ್ಪುವ ಮಾತೂ ಅಲ್ಲ.

ರೋ ಹೌಸಿನಲ್ಲಿ ಈ ತಾಪತ್ರಯವಿಲ್ಲ. ಆದರೆ ನಿಮಗೆ ತೋರಿಸಿದ್ದು ಸಾಲಿನ ನಡುವಿನ ಮನೆ. ಬೆಳಕು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ ಬರುತ್ತದೆ, ಮಧ್ಯದ ಮೆಟ್ಟಿಲಿನ ಬಳಿ ಹಗಲಲ್ಲೂ ದೀಪ ಬೇಕು. ಪಕ್ಕದ ಮನೆಯವರು ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ್ದು ನಮ್ಮ ಗೋಡೆಯೊಳಗೇ ರುಬ್ಬಿದಂತೆ ಕೇಳಿಸಿತು. ಅದಕ್ಕಿಂತ ಮುಖ್ಯವಾಗಿ, ಬಿಲ್ಡರ್ ಕೊಡುವುದು ನಿಮ್ಮ ಹೆಸರಿನ ಪ್ರತ್ಯೇಕ ಸೈಟನ್ನೋ ಅಥವಾ ಇಡೀ ಜಾಗದಲ್ಲಿ ಅವಿಭಾಜ್ಯ ಪಾಲನ್ನೋ ಎಂಬುದನ್ನು ಕರಡು ಕ್ರಯಪತ್ರದಲ್ಲಿ ಓದು. ಪಾಲು ಮಾತ್ರವಾದರೆ, ಮುಂದೆ ಒಂದು ಕೋಣೆ ಏರಿಸಬೇಕೆಂದರೂ ಎಲ್ಲರ ಒಪ್ಪಿಗೆ ಬೇಕು. ಮನೆ ಕೈಗೆ ಬಂದ ಮೇಲೆ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕೆಂದು ಬಿಲ್ಡರುಗಳನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಹೇಳುತ್ತದೆ. ಹಳೆಯ ಮನೆಯಲ್ಲಿ ಅಂಥ ಆಸರೆ ಇಲ್ಲ, ನಿಜ. ಇನ್ನು ರೋ ಹೌಸುಗಳಿಗೆ ಕಾವೇರಿ ನೀರಿನ ಸಂಪರ್ಕ ಈಗಾಗಲೇ ಇದೆಯೋ, "ಬರುತ್ತದೆ" ಎಂಬ ಭರವಸೆ ಮಾತ್ರ ಇದೆಯೋ ಎಂಬುದನ್ನು ಮಾರುವವರಲ್ಲಲ್ಲ, ಈಗಾಗಲೇ ವಾಸವಿರುವವರಲ್ಲಿ ಕೇಳು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರು ನಿಜ ಹೇಳುತ್ತಾರೆ.

ನನ್ನ ಮನಸ್ಸು ಮಲ್ಲೇಶ್ವರದ ಕಡೆಗೇ ಇದೆ. ಅಕ್ಕತಂಗಿಯರೆಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ರುಜು ಹಾಕುವುದಾದರೆ, ತಾರಸಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡು ಅದನ್ನೇ ತೆಗೆದುಕೊಳ್ಳಿ. ಆಗದಿದ್ದರೆ ಆಸೆ ಬಿಟ್ಟು, ರೋ ಹೌಸಿನಲ್ಲಿ ಸಾಲಿನ ಕೊನೆಯ ಮನೆ ಖಾಲಿ ಇದೆಯೇ ವಿಚಾರಿಸಿ. ಅದಕ್ಕೆ ಮೂರು ಕಡೆ ಕಿಟಕಿಗಳಿರುತ್ತವೆ. ಅಲ್ಲಿಯವರೆಗೆ ಯಾರಿಗೂ ಟೋಕನ್ ಹಣ ಕೊಡಬೇಡ. ಋಣಭಾರ ಪತ್ರ, ವಂಶವೃಕ್ಷ, ಖಾತೆ, ಮೂಲ ಕ್ರಯಪತ್ರ, ಇವುಗಳ ನಕಲನ್ನು ಮೊದಲು ನನಗೆ ಕಳುಹಿಸು. ನಮ್ಮ ವಕೀಲರಿಗೆ ತೋರಿಸಿ, ಅವರು ಏನೆಂದರೆಂದು ತಿಳಿಸುತ್ತೇನೆ.

ನಿನ್ನ ಅಪ್ಪ