ಬಿದ್ದುಹೋದ ಮೊಲ

ಗಣಪನನ್ನು ಈ ಸಲವೂ ಇಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಮನೆಯ ಹಿತ್ತಲಿನ ಬಕೆಟ್ಟಿನಲ್ಲೇ ಬಿಟ್ಟೆವು. ಅನಂತ ಚತುರ್ದಶಿಯ ತನಕ ಇಟ್ಟುಕೊಂಡಿದ್ದು ಮಗಳ ಹಟಕ್ಕೆ. ಮರುದಿನ ಹುಣ್ಣಿಮೆ. ಶಾಲೆಗೆ ರಜೆ, ಹಾಗಾಗಿ ರಾತ್ರಿ ಹನ್ನೊಂದಾದರೂ ಎದ್ದೇ ಇದ್ದಳು. ಬೆಂಗಳೂರಿನಲ್ಲಿ ಆಗ ಸಂಜೆ ಆರೂವರೆ. ಅಮ್ಮ ಮಹಡಿ ಮೇಲೆ ನಿಂತು ವಿಡಿಯೋ ಕಾಲ್ ಮಾಡಿದರು. ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಚಂದ್ರ ಏಳುತ್ತಿದ್ದ. ಮೊಮ್ಮಗಳಿಗೆ ಮೊಲ ತೋರಿಸಬೇಕು ಅಂತ ಆಸೆ. ಫೋನಿನಲ್ಲಿ ಕಂಡದ್ದು ಬಿಳೀ ಬಲ್ಬು ಅಷ್ಟೇ. ಕೊನೆಗೆ ಒಳಗೆ ಹೋಗಿ, ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ ಮೊಲ ಬರೆದು ತಂದರು. ಎರಡು ಕಿವಿ ಮೇಲಕ್ಕೆ, ನೆಟ್ಟಗೆ ಕೂತ ಮೊಲ.

ಮಗಳು ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಓಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಹೇಳಿದಳು: "ಅಜ್ಜಿ, ನಿಮ್ಮ ಮೊಲ ಕೂತಿದೆ. ನಮ್ಮ ಮೊಲ ಬಿದ್ದುಹೋಗಿದೆ."

"ಅಷ್ಟು ದೂರ ಬಂದಿದೆಯಲ್ಲ ಪುಟ್ಟಿ, ಸುಸ್ತಾಗಿರತ್ತೆ" ಅಂದರು ಅಮ್ಮ.

ನಾನು ಈ ಊರಿಗೆ ಬಂದು ಹನ್ನೊಂದು ವರ್ಷ. ಎಷ್ಟು ಹುಣ್ಣಿಮೆ ಕಳೆದಿದೆಯೋ! ಒಂದು ದಿನವೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಚಂದ್ರ ಅಂದರೆ ಊರಿನ ಚಂದ್ರ, ಮೊಲ ಅಂದರೆ ಕೂತ ಮೊಲ. ತಲೆ ಎತ್ತಿ ನೋಡುವ ಮೊದಲೇ ನೋಡಿ ಮುಗಿಸಿರುತ್ತಿದ್ದೆ.

ವಿಷಯ ಸರಳವಾಗಿದೆ. ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕಿದೆ. ಮೆಲ್ಬರ್ನ್ ಸುಮಾರು 38 ಡಿಗ್ರಿ ದಕ್ಷಿಣಕ್ಕೆ. ಇಲ್ಲಿ ಚಂದ್ರ ನೆತ್ತಿಗೆ ಬರುವುದೇ ಇಲ್ಲ. ಎಷ್ಟು ಮೇಲೇರಿದರೂ ಉತ್ತರದ ಕಡೆಗೇ ಇರುತ್ತಾನೆ, ನಾವು ಉತ್ತರಕ್ಕೆ ಮುಖ ಮಾಡಿ ನೋಡಬೇಕು. ದಕ್ಷಿಣಕ್ಕೆ ಮುಖ ಮಾಡಿ ನೋಡುವವರಿಗೆ ಮೇಲಿದ್ದದ್ದು ನಮಗೆ ಕೆಳಗೆ. 2023ರ ಆಗಸ್ಟ್ 23ರಂದು ಇಸ್ರೊದ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿಯಿತಲ್ಲ, ಆವತ್ತು ನಾವೂ ಇಲ್ಲಿನ ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಕುಣಿದಾಡಿದೆವು. ಆ ಜಾಗ ನಮ್ಮ ಹಿತ್ತಲಿನ ಚಂದ್ರನಲ್ಲಿ ಬುಡದಲ್ಲಲ್ಲ, ನೆತ್ತಿಯ ಹತ್ತಿರ!

ಮೊಲ ಅನ್ನುವುದೂ ಮೊಲವಲ್ಲ ಬಿಡಿ. 300 ಕೋಟಿ ವರ್ಷಗಳಿಗಿಂತ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಬಯಲುಗಳು. ನಮ್ಮವರು ಅದರಲ್ಲಿ ಮೊಲ ಕಂಡು ಶಶಿ, ಶಶಾಂಕ ಅಂತ ಹೆಸರಿಟ್ಟರು. ಚೀನಾದವರ ಮೊಲ ಮದ್ದು ಅರೆಯುತ್ತದೆ, ಜಪಾನಿನವರದು ಅಕ್ಕಿ ಕುಟ್ಟುತ್ತದೆ. ಮಗಳ ಕ್ಲಾಸಿನ ಒಬ್ಬ ಹುಡುಗನಿಗೆ ಕಾಣುವುದು ಗಂಡಸಿನ ಮುಖವಂತೆ. ಈಗ ಅವನ ಜೊತೆ ಇವಳಿಗೆ ಟೂ.

ನನಗೆ ಮೊಲ ತೋರಿಸಿದ್ದು ಅರಸೀಕೆರೆಯ ಅಜ್ಜಿ, ಅಂದರೆ ಅಮ್ಮನ ಅಮ್ಮ. ಬೇಸಿಗೆ ರಜೆಗೆ ಮೊಮ್ಮಕ್ಕಳೆಲ್ಲ ಸೇರಿದರೆ ಹನ್ನೆರಡು ಜನ. ಸಂಜೆ ಕರೆಂಟ್ ಹೋಗುವುದು ಖಾತ್ರಿ. ಬಿಂದಿಗೆಯಲ್ಲಿ ನೀರು ಹೊತ್ತು ಮಹಡಿಗೆ ಚೆಲ್ಲುವುದು ನಮ್ಮ ಕೆಲಸ. ಹೊಯ್ದ ತಕ್ಷಣ ನೆಲ ಚುಯ್ ಅನ್ನುತ್ತಿತ್ತು. ತೆಂಗಿನ ತಲೆಗಳ ನಡುವಿನಿಂದ ಚಂದ್ರ ಬರುವ ಹೊತ್ತಿಗೆ ಅಜ್ಜಿ ದೊಡ್ಡ ಬೋಗುಣಿಯಲ್ಲಿ ಹುಳಿಯನ್ನ ಕಲಸಿಕೊಂಡು ಮೆಟ್ಟಿಲು ಹತ್ತಿ ಬರೋರು. ಸುತ್ತ ಕೂತ ನಮಗೆ ಕೈತುತ್ತು. ಯಾರ ಸರದಿ ಅಂತ ಜಗಳ. ತುತ್ತಿನ ನಡುವೆ ಒಂದು ಬೆರಳು ಎತ್ತಿ, "ನೋಡ್ರೋ, ಮೊಲ ಕೂತ್ಕೊಂಡು ನಿಮ್ಮನ್ನೇ ನೋಡ್ತಿದೆ" ಅನ್ನೋರು. ದೊಡ್ಡಮ್ಮನ ಮಗ ಮಾತ್ರ "ನಂಗೆ ಆಮೆ ಕಾಣ್ತಿದೆ" ಅಂತ ಹಟ ಮಾಡುತ್ತಿದ್ದ. ಅವನಿಗೆ ಒಂದು ತುತ್ತು ಕಡಿಮೆ.

ಊಟ ಆದಮೇಲೆ ಚಾಪೆ ಹಾಸುವ ಗಲಾಟೆ. ಅಜ್ಜಿಯ ಕಾನೂನು ಒಂದೇ, ಉತ್ತರಕ್ಕೆ ತಲೆ ಹಾಕಬಾರದು. ಯಾಕೆ ಅಂದರೆ ಗಣಪನ ಕಥೆ. ಶಿವನ ಗಣಗಳು ಹೊರಟಾಗ ಉತ್ತರಕ್ಕೆ ತಲೆ ಹಾಕಿ ಮಲಗಿದ್ದದ್ದು ಆ ಆನೆ ತಾನೇ? ಹೋಯ್ತು ಅದರ ತಲೆ. ಹನ್ನೆರಡು ತಲೆಗಳೂ ತಕ್ಷಣ ದಕ್ಷಿಣಕ್ಕೆ ತಿರುಗುತ್ತಿದ್ದವು. ನಡುರಾತ್ರಿ ಎಚ್ಚರವಾದಾಗ ಯಾರಾದರೂ ಅಡ್ಡ ಮಲಗಿದ್ದು ಕಂಡರೆ ಅಜ್ಜಿ ಚಾಪೆ ಸಮೇತ ಎಳೆದು ಸರಿ ಮಾಡೋರು. ಹಾಗೇ ಮಲಗಿ ಚಂದ್ರನನ್ನು ನೋಡುತ್ತಾ ನಿದ್ದೆ ಹೋಗುತ್ತಿದ್ದೆವು.

ಈ ಕಥೆಯನ್ನು ಆ ರಾತ್ರಿ ಮನೆಯವರಿಗೆ ಹೇಳಿದೆ. ಅವರು ಎಂಜಿನಿಯರ್, ಕಣ್ಣೀರು ಹಾಕಲಿಲ್ಲ. ಒಂದು ಪ್ರಶ್ನೆ ಕೇಳಿದರು. "ದಕ್ಷಿಣಕ್ಕೆ ತಲೆ ಹಾಕಿ ಅಂಗಾತ ಮಲಗಿ ನೋಡಿದರೆ, ನಿನಗೆ ಮೇಲುಗಡೆ ಅಂದರೆ ಯಾವ ದಿಕ್ಕು?"

ದಕ್ಷಿಣ. ಅಂದರೆ ಇಲ್ಲಿ ಹಿತ್ತಲಿನಲ್ಲಿ ನಿಂತು ನೋಡಿದಂತೆಯೇ.

ನನಗೆ ಸಿಟ್ಟೇ ಬಂತು. ಚಳಿಯಲ್ಲಿ ಹೊರಗೆ ಹೋಗಿ, ಹುಲ್ಲಿನ ಮೇಲೆ ಯೋಗದ ಮ್ಯಾಟ್ ಹಾಸಿ, ದಕ್ಷಿಣಕ್ಕೆ ತಲೆ ಹಾಕಿ ಮಲಗಿ ನೋಡಿದೆ. ಅದೇ ಬಿದ್ದ ಮೊಲ. ಊರಿನಲ್ಲೂ ಮಲಗಿದಾಗ ನಾನು ನೋಡಿದ್ದು ಇದನ್ನೇ ಇರಬೇಕು, ರಜೆಯ ಪ್ರತಿ ಹುಣ್ಣಿಮೆಯೂ. ಆದರೂ ನೆನಪಿನಲ್ಲಿ ಒಂದೇ ಒಂದು ಬಿದ್ದ ಮೊಲ ಇಲ್ಲ. ಅಜ್ಜಿ ಕೂತಿದೆ ಅಂದಿದ್ದರು, ಅದು ಕೂತೇ ಇತ್ತು.

ಇನ್ನೊಂದು ಪೆಟ್ಟೂ ಬಿತ್ತು. ನಮ್ಮೂರ ಚಂದ್ರ ಇಲ್ಲಿಯದಕ್ಕಿಂತ ದೊಡ್ಡದು ಅಂತ ಮಗಳಿಗೆ ಸದಾ ಹೇಳುತ್ತಿದ್ದೆ. ತೆಂಗಿನ ಮರದ ಹಿಂದೆ ತಟ್ಟೆಯಷ್ಟು ಇರುತ್ತಿತ್ತಲ್ಲ! ಕೈ ಪೂರ್ತಿ ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಚಂದ್ರ ಪೂರಾ ಮುಚ್ಚಿಹೋಗುತ್ತಾನೆ, ಅಂಚಿನಲ್ಲಿದ್ದರೂ ಅಷ್ಟೇ, ಮೇಲಿದ್ದರೂ ಅಷ್ಟೇ. ನಿಜ ಹೇಳಬೇಕೆಂದರೆ ಏಳುವಾಗ ಅವನು ಕೂದಲೆಳೆಯಷ್ಟು ಚಿಕ್ಕವನು. ಆಗ ನಮ್ಮಿಂದ ಸ್ವಲ್ಪ ಜಾಸ್ತಿ ದೂರ ಇರುತ್ತಾನಂತೆ. ಮತ್ತೆ ದೊಡ್ಡದಾಗಿ ಕಾಣುವುದು ಯಾಕೆ? ಇದರ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಒಮ್ಮತವಿಲ್ಲ. ನಾನು ಬೆರಳು ಹಿಡಿದು ನೋಡಿದೆ, ಒಪ್ಪಿಕೊಂಡೆ. ಬೆರಳು ತೆಗೆದ ತಕ್ಷಣ ಮತ್ತೆ ನಮ್ಮೂರ ಚಂದ್ರನೇ ದೊಡ್ಡದು. ಏನು ಮಾಡಲಿ?

ಮರುದಿನ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಒದರಿದೆ. ಅವರಿಗೆ ಸ್ವಲ್ಪವೂ ಆಶ್ಚರ್ಯವಿಲ್ಲ. "ಹೂಂ ಮತ್ತೆ, ನೀವು ಮಲಗೋ ಹೊತ್ತಿಗೆ ಮೊಲಾನೂ ಮಲಗ್ತಿತ್ತು. ಅಜ್ಜಿ ಅದನ್ನ ಹೇಳೇ ತಾನೆ ನಿಮ್ಮನ್ನ ಮಲಗಿಸ್ತಿದ್ದಿದ್ದು? ನೀನು ಅಷ್ಟು ಹೊತ್ತಿಗೆ ನಿದ್ದೆ ಮಾಡಿರ್ತಿದ್ದೆ ಬಿಡು."

ಸರಿ, ಸಂಘದ ಪತ್ರದಲ್ಲಿ ನನ್ನ ಜಾಗ ಮುಗಿಯುತ್ತಾ ಬಂತು. ಸಂಘದ ಸೂಚನೆಗಳು ಬಾಕಿ ಇವೆ, ಒಂದೇ ಉಸಿರಿಗೆ ಓದಿಕೊಳ್ಳಿ. ಅಕ್ಟೋಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ. ಹೋದ ವರ್ಷ ಕನ್ನಡ ಶಾಲೆಗೆ ಅರ್ಧ ಮಕ್ಕಳು ತಡವಾಗಿ ಬಂದರು, ಮೇಷ್ಟ್ರೂ. ನವರಾತ್ರಿಗೆ ಗೊಂಬೆ ಕೂರಿಸುವವರು ಮನೆಗೆ ಯಾವ ದಿನ ಬರಬಹುದು ಅಂತ ಗುಂಪಿನಲ್ಲಿ ಹಾಕಿ. ಸೀಗೆ ಹುಣ್ಣಿಮೆಗೆ ಪಾರ್ಕಿನಲ್ಲಿ ಬೆಳದಿಂಗಳ ಊಟ. ಚಂದ್ರ ಎಂಟರ ಸುಮಾರಿಗೆ ಏಳುತ್ತಾನೆ, ಮಕ್ಕಳಿಗೆ ಮೊದಲೇ ಏನಾದರೂ ತಿನ್ನಿಸಿ ಕರೆತನ್ನಿ. ಬಿಸಿಬೇಳೆಬಾತ್ ಸಂಘದ್ದು, ಮೊಸರನ್ನಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ರಾಜ್ಯೋತ್ಸವದ ನಾಟಕಕ್ಕೆ ಇಬ್ಬರು ಗಂಡಸರು ಬೇಕು, ಮೀಸೆ ನಾವೇ ಕೊಡುತ್ತೇವೆ. ಲೇಖನ ಕಳಿಸುವವರು ದಯವಿಟ್ಟು ಯೂನಿಕೋಡಿನಲ್ಲಿ ಕಳಿಸಿ. ಹಳೇ 'ನುಡಿ' ತಂತ್ರಾಂಶದ ಅಕ್ಷರಗಳಲ್ಲಿ ಬಂದದ್ದನ್ನು ಬದಲಿಸಿದಾಗ ಒತ್ತಕ್ಷರ ಚೆಲ್ಲಾಪಿಲ್ಲಿ ಆಗುತ್ತಿದೆ.

ಇನ್ನೊಂದು ಮಾತು. ಆರು ವರ್ಷ ಈ ಪತ್ರದ ಪುಟ ಕಟ್ಟಿದ ದಂಪತಿ ಹೋದ ವಾರ ಮೈಸೂರಿಗೆ ವಾಪಸ್ ಹೋದರು, ಪೂರ್ತಿಯಾಗಿ. ವಿಮಾನ ನಿಲ್ದಾಣದಲ್ಲಿ ಕೂತೂ ಕೊನೆಯ ಎರಡು ಪುಟ ಸರಿಮಾಡಿ ಕಳಿಸಿದರು. ಈ ಸಂಚಿಕೆಯನ್ನು ನಾನೇ ಜೋಡಿಸುತ್ತಿದ್ದೇನೆ, ಈಗ ರಾತ್ರಿ ಒಂದು ಗಂಟೆ. ಏಳನೇ ಪುಟದ ಫೋಟೋ ತಲೆಕೆಳಗಾಗಿ ಕೂತಿದೆ, ಹೇಗೆ ತಿರುಗಿಸುವುದು ಅಂತ ಗೊತ್ತಾಗುತ್ತಿಲ್ಲ. ಯಾರಿಗಾದರೂ ಈ ಕೆಲಸ ಬರುತ್ತಾ? ತಿಂಗಳಿಗೆ ಒಂದು ಶನಿವಾರ ಸಾಕು, ಕಾಫಿ ನನ್ನದು. ಅಲ್ಲಿಯವರೆಗೆ ಏಳನೇ ಪುಟಕ್ಕೆ ಬಂದಾಗ ಪತ್ರವನ್ನೇ ಅರ್ಧ ಸುತ್ತು ತಿರುಗಿಸಿಕೊಳ್ಳಿ.